ನೋಡಿ, ಮರೆತು, ಕೆತ್ತಿದ್ದು: ಬಿದ್ರಿ ಕೆಲಸದಲ್ಲಿ ಹೊಸ ಡಿಸೈನ್ ತಂದ ನನ್ನ ಅನುಭವ

ಬಿದ್ರಿ ಅಂದರೆ ಸತು, ತಾಮ್ರದ ಎರಕದ ಮೇಲೆ ಗೆರೆ ಕೆತ್ತಿ, ಬೆಳ್ಳಿ ಕೂರಿಸಿ, ಮೈ ಕಪ್ಪು ಮಾಡುವ ನಮ್ಮ ಬೀದರಿನ ಕಸುಬು. ಫೋಟೋ ಇಲ್ಲದೆ ಬಿದ್ರಿಯಲ್ಲಿ ಹೊಸ ಡಿಸೈನ್ ತರೋದು ಆಗೋ ಮಾತಲ್ಲ ಅಂತ ನನಗೆ ಬಹಳ ಜನ ಹೇಳಿದ್ದರು. ಅವರಲ್ಲಿ ಇಬ್ಬರು ಈಗ ನಾನು ಮಾಡಿದ ಕೊರಳ ಪದಕದ ಫೋಟೋ ತೋರಿಸಿ ಆರ್ಡರ್ ಹಿಡಿಯುತ್ತಿದ್ದಾರೆ. ನನಗೆ ಸಿಟ್ಟಿಲ್ಲ. ಆದರೆ ಆ ಪದಕ ಹೇಗೆ ಬಂತು, ಅದರ ಹಿಂದೆ ಎಷ್ಟು ದುಡ್ಡು ಹೋಯಿತು, ಏನೇನು ಕೆಟ್ಟಿತು ಅನ್ನೋದನ್ನು ಬರೆದಿಡಬೇಕು ಅನಿಸಿತು. ಕೆಲಸ ಗೊತ್ತಿದ್ದವರಿಗಾಗಿ ಬರೆಯುತ್ತಿದ್ದೇನೆ. ಎರಕ ಹೊಯ್ಯೋದು, ಕೆತ್ತುವಾಗ ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡೋದು, ಕೊನೆಗೆ ಕಪ್ಪು ನಿಲ್ಲಲಿ ಅಂತ ಕೋಟೆ ಮಣ್ಣಿಗೆ ನವಸಾಗರ ಸೇರಿಸೋದು ಎಲ್ಲ ನಿಮಗೆ ಗೊತ್ತೇ ಇದೆ. ನಾನು ಹೇಳೋದು ಅದಕ್ಕೂ ಮುಂಚಿನ ಮಾತು. ಕಪ್ಪು ಮಾಡಿದ ಮೈ ಮೇಲೆ ಉಳಿ ಇಡುವ ಮೊದಲು ತಲೆಯಲ್ಲಿ ಚಿತ್ರ ಎಲ್ಲಿಂದ ಬರುತ್ತದೆ ಅನ್ನೋದು.

ನಾನು ಬೆಳ್ಳಿ ತಂತಿ ಕೂರಿಸೋದು ಕಲಿತಿದ್ದು ಮದುವೆಯಾಗಿ ಬೀದರಿಗೆ ಬಂದ ಮೇಲೆ, ಮಾವನವರ ಹತ್ತಿರ. ಮೂರೆಲೆ ಬೂಟಿ, ಅಶ್ರಫಿ ಬೂಟಿ, ಗಸಗಸೆ ಹೂವು, ಯಾವ ನಮೂನೆಯೇ ಇರಲಿ, ಅವರಿಗೆ ಪೆನ್ಸಿಲ್ ಗೆರೆಯೂ ಬೇಕಾಗಿರಲಿಲ್ಲ. ನೇರ ಉಳಿಯಲ್ಲೇ ಬಿಡಿಸುತ್ತಿದ್ದರು. ಮೈದುನ ಎರಕ ಮತ್ತು ಬಫಿಂಗ್, ಅಂದರೆ ಉಜ್ಜಿ ನಯ ಮಾಡೋದು, ನೋಡಿಕೊಳ್ಳುತ್ತಾನೆ. ಕೆತ್ತನೆಗೆ ಓಣಿಯ ಮೂವರು ಹುಡುಗಿಯರು ಬರುತ್ತಾರೆ. ದೊಡ್ಡ ಕಾರ್ಖಾನೆ ಅಲ್ಲ, ಮನೆಯ ಹಿಂದಿನ ಪಡಸಾಲೆ.

ಡಿಸೈನ್ ಎಲ್ಲಿಂದ ಬರುತ್ತಿತ್ತು ಅಂದರೆ, ವ್ಯಾಪಾರಿಯ ವಾಟ್ಸಾಪ್‌ನಿಂದ. ಒಂದು ಹೂದಾನಿಯ ಫೋಟೋ ಬರುತ್ತಿತ್ತು, ಕೆಳಗೆ "ಸೇಮ್ ಟು ಸೇಮ್, 20 ಪೀಸ್" ಅಂತ. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಹಳೆಯ ಬಿದ್ರಿ ಹುಕ್ಕಾಗಳಿವೆ, ಅವುಗಳ ಚಿತ್ರವೂ ಬರುತ್ತಿತ್ತು. ನಮ್ಮ ಅಜ್ಜಂದಿರ ಕಾಲದ ಕೆಲಸ ಲಂಡನ್ ಸುತ್ತಿ ಫೋನಿನಲ್ಲಿ ನಮಗೇ ವಾಪಸ್ ಬರೋದು. ನಾವು ಮಾಡಿದ್ದನ್ನೇ ಪಕ್ಕದ ಓಣಿಯವರೂ ಮಾಡುತ್ತಿದ್ದರು. ವ್ಯಾಪಾರಿ ಇಬ್ಬರ ರೇಟೂ ಕೇಳಿ ಕಡಿಮೆ ಇದ್ದವರಿಗೆ ಕೊಡುತ್ತಿದ್ದ. ಹೂದಾನಿಗೆ ಬೆಳ್ಳಿ, ಸತು, ತಾಮ್ರ, ಕೂಲಿ ಎಲ್ಲ ಸೇರಿ ಸುಮಾರು ₹2,900 ಬೀಳುತ್ತಿತ್ತು, ಕೈಗೆ ಬರುತ್ತಿದ್ದದ್ದು ₹3,400. ಅದರಲ್ಲಿ ಒಂದು ಪೀಸ್‌ನ ತಂತಿ ಬಫಿಂಗ್‌ನಲ್ಲಿ ಎದ್ದರೆ ಲಾಭ ಮುಗೀತು.

ನನ್ನ ಕಣ್ಣು ತೆರೆಸಿದ್ದು ಒಂದು ಎಲೆ. ಒಂದು ಸಲ ಬಂದ ಸ್ಯಾಂಪಲ್ ಫೋಟೋದಲ್ಲಿ ಬಳ್ಳಿಯ ಎಡಗಡೆ ಮೂರನೇ ಎಲೆಯ ತುದಿ ಖಾಲಿ ಇತ್ತು. ಆ ಹಳೆಯ ಪೀಸ್‌ನಲ್ಲಿ ತಂತಿ ಉದುರಿ ಹೋಗಿತ್ತು, ಅಷ್ಟೇ. ನಮ್ಮ ಹುಡುಗಿಯರು ಅದನ್ನೂ ಹಾಗೇ ಕೆತ್ತಿದ್ದರು. ಹತ್ತು ಹೂದಾನಿಯಲ್ಲೂ ಅದೇ ಎಲೆ ಅರ್ಧಕ್ಕೆ ನಿಂತಿತ್ತು. ಕೆಲಸ ಬಲ್ಲ ಹುಡುಗಿಯರೇ ಅವರು. ಎಲೆ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿಲ್ಲವಾ? ಗೊತ್ತು. ಆದರೆ ಕಣ್ಣ ಮುಂದೆ ಫೋಟೋ ಇದ್ದಾಗ ಗೊತ್ತಿದ್ದದ್ದು ಕೆಲಸಕ್ಕೆ ಬರೋದಿಲ್ಲ.

ಆ ಸಮಯಕ್ಕೆ ಒಂದು ಡಿಸೈನ್ ಕಾಲೇಜಿನ ಹುಡುಗಿ ಟ್ರೇನಿಂಗ್‌ಗೆ ಅಂತ ನಮ್ಮಲ್ಲಿ ಬಂದಿದ್ದಳು. ಎಲೆಯ ಕಥೆ ಕೇಳಿ, ಇದನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ ಅಂದಳು. 1991ರಲ್ಲಿ ಜ್ಯಾನ್ಸನ್ ಮತ್ತು ಸ್ಮಿತ್ ಅನ್ನುವ ಸಂಶೋಧಕರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಚೆಲ್ಲದ ಕಾಫಿ ಕಪ್ ಮಾಡಿ ಅಂದರಂತೆ. ಕೆಲವರಿಗೆ ಮಾದರಿ ಅಂತ ಸ್ಟ್ರಾ ಇರುವ ಒಂದು ಕಪ್ ತೋರಿಸಿದರು. ಸ್ಟ್ರಾ ಹಾಕಬೇಡಿ ಅಂತಲೂ ಹೇಳಿದರು. ಆದರೂ ಮಾದರಿ ನೋಡಿದವರ ಚಿತ್ರಗಳಲ್ಲೇ ಸ್ಟ್ರಾ ಜಾಸ್ತಿ ಬಂತು. ಎಂಜಿನಿಯರಿಂಗ್ ಓದುವವರ ಗತಿಯೇ ಹೀಗಾದರೆ ನಮ್ಮ ಹುಡುಗಿಯರದ್ದೇನು ತಪ್ಪು ಅಂದುಕೊಂಡೆ.

ಹಾಗಾದರೆ ಏನೂ ನೋಡಬಾರದು, ಒಳಗಿಂದಲೇ ಬರಲಿ ಅಂತ ಮೊದಲು ತೀರ್ಮಾನ ಮಾಡಿದೆ. ಫೋನ್ ಅತ್ತೆಯವರ ಕೈಗೆ ಕೊಟ್ಟೆ. ಅಟ್ಟದ ಕೋಣೆಯಲ್ಲಿ ಹಾಳೆ ಇಟ್ಟುಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ಹಾಳೆ ತುಂಬಿತ್ತು. ನೋಡಿದರೆ ಎಲ್ಲ ಮೂರೆಲೆ ಬೂಟಿ! ಸ್ವಲ್ಪ ಉದ್ದ, ಸ್ವಲ್ಪ ಅಗಲ, ಆದರೆ ಮೂರೆಲೆ. ಮರುದಿನವೂ ಅದೇ. ವಾರಗಟ್ಟಲೆ ಹೀಗೇ ಹೋಯಿತು, ಆರ್ಡರ್ ಕೆಲಸವೂ ಹಿಂದೆ ಬಿತ್ತು. ಏನೂ ನೋಡದಿದ್ದರೆ ಕೈ ತನಗೆ ರೂಢಿ ಇದ್ದದ್ದನ್ನೇ ಬಿಡಿಸುತ್ತದೆ. ಆ ಕಾಲೇಜು ಹುಡುಗಿ ಇದಕ್ಕೂ ಒಂದು ಉದಾಹರಣೆ ಕೊಟ್ಟಳು. 1994ರಲ್ಲಿ ಥಾಮಸ್ ವಾರ್ಡ್ ಅನ್ನುವವರು ಬೇರೆ ಗ್ರಹದ ಪ್ರಾಣಿ ಬಿಡಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದ್ದರಂತೆ. ಹೆಚ್ಚಿನವರು ಕಣ್ಣು, ಕಾಲು, ಎಡಬಲ ಒಂದೇ ಥರ ಇರುವ ಮೈ ಬಿಡಿಸಿದರು. ನಮ್ಮ ಭೂಮಿಯ ಪ್ರಾಣಿಯೇ ಬೇರೆ ವೇಷದಲ್ಲಿ ಬಂದಿತ್ತು. ಬೇರೆ ಗ್ರಹಕ್ಕೆ ಹೋದರೂ ಕೈ ಮನೆಯ ಸಾಮಾನೇ ಹುಡುಕುತ್ತದೆ.

ಇದಾದ ಮೇಲೆ ನನಗೆ ಒಂದು ಗಟ್ಟಿಯಾಯಿತು. ಹೊರಗಿನದು ಬೇಕೇ ಬೇಕು. ಆದರೆ ಹೊರಗಿನದು ನನ್ನ ಕೈಗೆ ಬರುವ ಮೊದಲು ನಡುವೆ ಏನಾದರೂ ಅಡ್ಡ ಇರಬೇಕು. ನೇರ ಬಂದರೆ ನಕಲು. ಅಡ್ಡ ದಾಟಿ ಬಂದರೆ ನನ್ನದು.

ಮಾವನವರಿಗೆ ಈ ಮಾತು ಹಿಡಿಸಲಿಲ್ಲ. "ನಮ್ ಡಿಸೈನ್ ನಮ್ಗ ಸಾಕು, ಹೊರಗಿಂದ್ಯಾಕ ಬೇಕು ಯವ್ವಾ?" ಅಂದರು. ನಾನು ಅವರ ಎದುರಿಗೆ ಕೂತು ಒಂದೊಂದೇ ಹೇಳಿದೆ. ಬಿದ್ರಿ ಕೆಲಸವೇ ಇರಾನಿನಿಂದ ಬಂದ ಕುಶಲಕರ್ಮಿಯಿಂದ ಬಂತು ಅಂತ ನೀವೇ ಹೇಳಿಕೊಟ್ಟಿದ್ದು. ಅಹಮದ್ ಶಾ ಬಹಮನಿ ಕಲಬುರಗಿಯಿಂದ ರಾಜಧಾನಿ ಇಲ್ಲಿಗೆ ತಂದ ಕಾಲದಲ್ಲಿ ಇರಾನಿನವರು ಈ ಊರಿಗೆ ಸಾಲುಗಟ್ಟಿ ಬಂದರು. ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಇರಾನಿನ ಗೀಲಾನಿನವನು. ಇನ್ನು ನಾವು ಊರಿನ ಹೂವು ಅಂತ ಕೆತ್ತುವ ಗಸಗಸೆ ಗಿಡ? ಹೂವಿನ ಗಿಡವನ್ನು ಬೇರೆ ಬೇರೆಯಾಗಿ ನಿಲ್ಲಿಸಿ ಬಿಡಿಸೋದು ಮೊಘಲರ ರೂಢಿ. ಜಹಾಂಗೀರನ ಕಾಲದ ಚಿತ್ರಕಾರರು ಯುರೋಪಿನಿಂದ ಬಂದ ಗಿಡಮೂಲಿಕೆ ಪುಸ್ತಕಗಳ ಅಚ್ಚು ಚಿತ್ರ ನೋಡಿದ್ದರು. ಔರಂಗಜೇಬ ಬೀದರ್ ಹಿಡಿದಿದ್ದು 1657ರಲ್ಲಿ. ಮೊಘಲರ ಜೊತೆ ಆ ಹೂವಿನ ರೂಢಿಯೂ ದಖ್ಖನಿಗೆ ಬಂತು. ಅಂದರೆ ಯುರೋಪಿನ ಪುಸ್ತಕದ ಹಾಳೆಯಿಂದ ಹೊರಟಿದ್ದು ಮೊಘಲ್ ಚಿತ್ರಕ್ಕೆ ಬಂದು, ಅಲ್ಲಿಂದ ನಮ್ಮ ಕಪ್ಪು ಹುಕ್ಕಾದ ಮೇಲೆ ಬೆಳ್ಳಿಯಾಗಿ ಕೂತಿತು.

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅವ್ರೂ ನೋಡೇ ಮಾಡ್ಯಾರಲ್ಲ" ಅಂದರು.

"ನೋಡ್ಯಾರ ಮಾವಾ. ಆದ್ರ ಅವ್ರ ಕೈಯಾಗ ಫೋಟೋ ಇರ್ಲಿಲ್ಲ."

ಅವರು ಒಪ್ಪಲಿಲ್ಲ. ತಡೆಯಲೂ ಇಲ್ಲ.

ಅಡ್ಡ ಏನು ಇಡಬೇಕು ಅನ್ನೋದಕ್ಕೆ ಬಹಳ ತಿಣುಕಾಡಿದೆ. ಕೊನೆಗೆ ಮೂರು ಕಟ್ಟುಪಾಡು ಮಾಡಿಕೊಂಡೆ. ಬಿದ್ರಿ ನೋಡಿ ಬಿದ್ರಿ ಮಾಡಬಾರದು, ಬೇರೆ ಕಸುಬಿನ ಕೆಲಸ ನೋಡಬೇಕು. ಅಲ್ಲಿ ಫೋಟೋ ತೆಗೆಯಬಾರದು, ಬಿಡಿಸಿಕೊಳ್ಳಲೂಬಾರದು. ಮಲಗಿ ಎದ್ದ ಮೇಲೆ ನೆನಪಲ್ಲಿ ಉಳಿದಿದ್ದನ್ನು ಮಾತ್ರ ಬಿಡಿಸಬೇಕು, ಅದೂ ಫೋನ್ ಮುಟ್ಟುವ ಮುಂಚೆ. ಬೆಳಿಗ್ಗೆ ಎದ್ದು ಒಂದು ಸಲ ವಾಟ್ಸಾಪ್ ತೆರೆದರೆ ರಾತ್ರಿ ಉಳಿದಿದ್ದು ಹೋಯಿತು ಅಂತಲೇ ಲೆಕ್ಕ. ಇದನ್ನು ನಾನು ಬಹಳ ಸಲ ನೋಡಿದ್ದೇನೆ.

ಮೊದಲು ಹೋಗಿದ್ದು ಮದರಸಾಕ್ಕೆ. 1472ರ ಕಟ್ಟಡ. 1696ರಲ್ಲಿ ಸಿಡಿಮದ್ದು ಸಿಡಿದು ಮುಂಭಾಗದ ಅರ್ಧ ಹೋಯಿತು, ಆದರೂ ಉಳಿದ ಮಿನಾರದ ಮೇಲೆ, ಗೋಡೆಯ ಮೇಲೆ ಹೆಂಚುಗಳು ಇವೆ. ನೀಲಿ, ಬಿಳಿ, ಹಳದಿ. ಅದರಲ್ಲಿ ಅಕ್ಷರಗಳ ಪಟ್ಟಿ ಇದೆಯಲ್ಲ, ಅದು ನನ್ನನ್ನು ಹಿಡಿಯಿತು. ಉದ್ದುದ್ದ ನಿಂತ ಕಂಬಗಳ ಥರ ಅಕ್ಷರ. ನೆನಪಿನಿಂದ ಬಿಡಿಸಿ ತಟ್ಟೆಗಳ ಅಂಚಿಗೆ ಹಾಕಿದೆ. ನೋಡಲು ಚೆಂದ ಬಂತು. ಆದರೆ ಒಂದು ಮೇಳದಲ್ಲಿ ಅರಬ್ಬಿ ಓದಬಲ್ಲ ಗಿರಾಕಿ ಬಂದರು. ತಟ್ಟೆ ತಿರುಗಿಸಿ ತಿರುಗಿಸಿ ನೋಡಿದರು. "ಏನೂ ಓದಲಿಕ್ಕೆ ಬರೋದಿಲ್ಲವಲ್ಲಮ್ಮಾ" ಅಂದರು. ಅಕ್ಷರ ನೆನಪಿನಲ್ಲಿ ಆಕಾರವಾಗಿ ಉಳಿಯುತ್ತದೆ, ಅರ್ಥ ಉಳಿಯೋದಿಲ್ಲ. ದೇವರ ಮಾತು ಇರಬಹುದಾದ ಸಾಲನ್ನು ಮುರಿದು ಮಾರೋದು ನನಗೆ ಸರಿ ಅನಿಸಲಿಲ್ಲ. ಆ ತಟ್ಟೆಗಳನ್ನೆಲ್ಲ ವಾಪಸ್ ತಂದು ಬೆಳ್ಳಿ ಬಿಚ್ಚಿ ಕರಗಿಸಿದೆವು. ಬೆಳ್ಳಿ ಸಿಕ್ಕಿತು, ಕೂಲಿ ಹೋಯಿತು. ಮೇಳದ ಬಾಡಿಗೆ, ಬಸ್ ಖರ್ಚು ಎಲ್ಲ ಹಿಡಿದು ₹18,000 ಆಸುಪಾಸು. ಆಮೇಲೆ ಅಕ್ಷರ ಮುಟ್ಟಿಲ್ಲ.

ಎರಡನೆಯದು ಬೀದರ್ ಹತ್ತಿರದ ಅಷ್ಟೂರು, ಬಹಮನಿ ಸುಲ್ತಾನರ ಗೋರಿಗಳಿರುವ ಊರು. ಅಹಮದ್ ಶಾ ವಲಿ ಗುಮ್ಮಟದ ಒಳಗೆ ತಲೆ ಎತ್ತಿ ನೋಡಿದವರಿಗೆ ಗೊತ್ತು. ಕೆಂಪು, ಬಂಗಾರ, ಹೂವಿನೊಳಗೆ ಹೂವು, ಗೆರೆಯೊಳಗೆ ಗೆರೆ. ಅಲ್ಲಿನ ಜಾತ್ರೆಗೆ ಹಿಂದೂ ಮುಸ್ಲಿಂ ಇಬ್ಬರೂ ಬರುತ್ತಾರೆ, ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಜಾತ್ರೆ ಗದ್ದಲ ಇಲ್ಲದ ದಿನ ಹೋಗಿ ಬೆಳಕು ಒಳಗೆ ಬೀಳುವವರೆಗೆ ಕೂತೆ. ಮರುದಿನ ಬಿಡಿಸಿದ್ದು ಚೆನ್ನಾಗಿಯೇ ಇತ್ತು, ಆದರೆ ವಿಪರೀತ ದಟ್ಟ. ಬಣ್ಣ ಎಷ್ಟು ಹತ್ತಿರ ಹತ್ತಿರ ಬೇಕಾದರೂ ಕೂರುತ್ತದೆ, ತಂತಿ ಕೂರೋದಿಲ್ಲ. ಎರಡು ಗೆರೆಗಳ ನಡುವಿನ ದಂಡೆ ತೆಳುವಾದರೆ ಉಳಿ ಏಟಿಗೆ ಸತು ಮುರಿಯುತ್ತದೆ, ಒಂದು ತಂತಿ ಬಡಿದರೆ ಪಕ್ಕದ್ದು ಏಳುತ್ತದೆ. ಒಂದು ಡಬ್ಬಿಯ ಮುಚ್ಚಳಕ್ಕೇ ವಾರ ಹಿಡಿಯಿತು. ಅದರ ಬೆಲೆ ₹9,000 ಅಂತ ಹೇಳಿದೆ. ವ್ಯಾಪಾರಿ ನಕ್ಕು ಚಹಾ ಕುಡಿದು ಹೋದ. ಆ ಮುಚ್ಚಳ ಈಗಲೂ ನಮ್ಮ ಮನೆಯಲ್ಲಿದೆ. ನನ್ನ ಕೈಯಿಂದ ಬಂದ ಕೆಲಸದಲ್ಲಿ ಅದರಷ್ಟು ಸೂಕ್ಷ್ಮದ್ದು ಇನ್ನೊಂದಿಲ್ಲ.

ಆ ಮುಚ್ಚಳದಿಂದ ಒಂದು ಲಾಭ ಆಯಿತು. ಹಾಳೆಗೂ ಉಳಿಗೂ ನಡುವೆ ಇನ್ನೊಂದು ಮೆಟ್ಟಿಲು ಬೇಕು ಅಂತ ತಿಳಿಯಿತು. ಅವತ್ತಿನಿಂದ ನಾನು ಪೆನ್ಸಿಲ್ ಬಿಟ್ಟು ತಂತಿಯಲ್ಲೇ ಬಿಡಿಸುತ್ತೇನೆ. ಬೆಳ್ಳಿ ಅಲ್ಲ, ಮೋಟಾರ್ ಬಿಚ್ಚಿದ ತಾಮ್ರದ ತಂತಿ. ಗುಜರಿಯಲ್ಲಿ ತೂಕಕ್ಕೆ ಸಿಗುತ್ತದೆ. ಚಿಮುಟದಲ್ಲಿ ಹಿಡಿದು ಬಗ್ಗಿಸಿ ಮೇಣದ ಹಲಗೆ ಮೇಲೆ ಒತ್ತುತ್ತೇನೆ. ಪೆನ್ಸಿಲ್ ಎಲ್ಲಿ ಬೇಕಾದರೂ ತಿರುಗುತ್ತದೆ. ತಂತಿಗೆ ತನ್ನದೇ ಹಟ ಇದೆ, ಒಂದು ಹದಕ್ಕಿಂತ ಜಾಸ್ತಿ ಬಗ್ಗಲ್ಲ. ಬಗ್ಗದ ಕಡೆ ನೀವು ಬೇರೆ ದಾರಿ ಹುಡುಕಬೇಕು. ನೋಡಿದ ಹೂವು ಅಲ್ಲಿ ಬದಲಾಗುತ್ತದೆ. ಈ ಬದಲಾವಣೆಯೇ ನನ್ನ ಡಿಸೈನ್.

ಅದೇ ಹೊತ್ತಿಗೆ ಬೆಳ್ಳಿ ಏರತೊಡಗಿತು. ಕಿಲೋ ₹70,000ದ ಹತ್ತಿರ ಇದ್ದದ್ದು ನೋಡ ನೋಡುತ್ತ ಲಕ್ಷ ದಾಟಿತು. ಓಣಿಯವರೆಲ್ಲ ತಂತಿ ಇನ್ನೂ ತೆಳುವಾಗಿ ಎಳೆದು ಅದೇ ಬಳ್ಳಿ ಕೂರಿಸಿದರು. ತಂತಿ ಎಳೆಯುವ ಕಂಬಚ್ಚಿನ ಕೊನೆಯ ಸಣ್ಣ ತೂತಿಗೆ ಹೋದರು. ತೆಳು ತಂತಿ ಬಫಿಂಗ್‌ನಲ್ಲಿ ತೇಯ್ದು ಹೋಗುತ್ತದೆ, ವರ್ಷದಲ್ಲಿ ಉದುರುತ್ತದೆ, ಗಿರಾಕಿ ಬೈಯುತ್ತಾನೆ. ನಾನು ಉಲ್ಟಾ ಮಾಡಿದೆ. ತಂತಿ ದಪ್ಪ ಇಟ್ಟು ಗೆರೆ ಕಡಿಮೆ ಮಾಡಿದೆ. ಒಂದು ಪದಕಕ್ಕೆ ಎರಡು ಗ್ರಾಂ, ಒಂದು ತಟ್ಟೆಗೆ ಎಂಟು ಗ್ರಾಂ, ಅದರ ಮೇಲೆ ಒಂದು ಗುಂಜಿಯೂ ಇಲ್ಲ ಅಂತ ಕಟ್ಟು ಹಾಕಿಕೊಂಡೆ. ಬೆಳ್ಳಿ ದರವೂ ಹೊರಗಿನ ಪ್ರಭಾವವೇ ಅಲ್ವಾ? ಚಿತ್ರ, ಸಂಗೀತ ಇವನ್ನೇ ಪ್ರಭಾವ ಅನ್ನುತ್ತೇವೆ. ನನ್ನ ಕೈಯನ್ನು ಎಲ್ಲಕ್ಕಿಂತ ಜಾಸ್ತಿ ತಿದ್ದಿದ್ದು ಸರಾಫ್ ಬಜಾರಿನ ರೇಟು. ಕಪ್ಪು ಜಾಸ್ತಿ ಉಳಿಯತೊಡಗಿತು. ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ನೋಡಿ, ಅಲ್ಲಿ ಹೊಳೆಯೋದು ಚಿಪ್ಪಾದರೂ ಚೆಂದ ಕೊಡೋದು ಕಪ್ಪು. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ಬೆಳ್ಳಿ ದುಬಾರಿ ಆದ ಮೇಲೆ ಮಾತ್ರ ಅದು ನನಗೆ ಕಂಡಿತು.

ನಡುವೆ ಇನ್ನೂ ಕೆಲವು ಪ್ರಯೋಗ ಮಾಡಿದೆ, ಬರೆದುಬಿಡುತ್ತೇನೆ. ಕೆಲಸದ ಹೊತ್ತಲ್ಲಿ ಹಾಡು ಹಚ್ಚಿದರೆ ಏನಾಗುತ್ತದೆ ಅಂತ ನೋಡಿದೆ. ತಂತಿ ಬಡಿಯುವಾಗ ಹಾಡು ಇದ್ದರೆ ಕೈ ಒಂದೇ ಲಯದಲ್ಲಿ ಬೀಳುತ್ತದೆ, ಕೆಲಸ ಬೇಗ ಆಗುತ್ತದೆ. ಆದರೆ ಡಿಸೈನ್ ಬಿಡಿಸುವಾಗ ಹಾಡು ಬೇಡ, ಅದರಲ್ಲೂ ಮಾತಿರುವ ಹಾಡು ಬೇಡವೇ ಬೇಡ. ತಲೆ ಹಾಡಿನ ಹಿಂದೆ ಹೋಗುತ್ತದೆ, ಕೈ ಮೂರೆಲೆಗೆ ವಾಪಸ್. ಮಿಕ್ಸರ್, ಬೀದಿಯ ಆಟೋ ಸದ್ದು ಏನೂ ಮಾಡೋದಿಲ್ಲ. ಹುಡುಗಿಯರಲ್ಲಿ ಒಬ್ಬಳಿಗೆ ಮಾತ್ರ ಟಿವಿ ಧಾರಾವಾಹಿ ಕೇಳುತ್ತಲೇ ಒಳ್ಳೆಯ ಡಿಸೈನ್ ಬರುತ್ತದೆ. ಅದು ಹೇಗೋ, ಅವಳನ್ನು ನಾನು ತಿದ್ದಲು ಹೋಗಿಲ್ಲ.

ಇನ್ನೊಂದು, ಕಂಪ್ಯೂಟರ್ ಬುದ್ಧಿಯಿಂದ (ಎಐ) ಚಿತ್ರ ಮಾಡಿಸೋದು. ಮೈದುನನ ಮಗ ಫೋನಿನಲ್ಲಿ ಮಾಡಿ ತೋರಿಸಿದ. ಬಿದ್ರಿ ಹೂದಾನಿ ಅಂತ ಕೇಳಿದರೆ ಥಳಥಳ ಹೊಳೆಯುವ ಚಿತ್ರ ಕೊಟ್ಟಿತು. ನೋಡಿದವರೆಲ್ಲ ಆಹಾ ಅಂದರು. ಹತ್ತು ಕೇಳಿದೆವು, ಹತ್ತೂ ಒಂದೇ ತಾಯಿ ಮಕ್ಕಳ ಹಾಗಿದ್ದವು. ಅದರಲ್ಲಿ ಕೆಲವು ಗೆರೆ ಯಾವ ಉಳಿಯಿಂದಲೂ ತೆಗೆಯಲು ಆಗೋದಿಲ್ಲ. 2024ರಲ್ಲಿ ದೋಶಿ ಮತ್ತು ಹೌಸರ್ ಅನ್ನುವ ಸಂಶೋಧಕರು ಕಥೆ ಬರೆಯುವವರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಕಂಪ್ಯೂಟರಿನ ಸಲಹೆ ತಗೊಂಡವರ ಒಂದೊಂದು ಕಥೆಯೂ ಓದುಗರಿಗೆ ಚೆನ್ನಾಗಿದೆ ಅನಿಸಿತು. ಆದರೆ ಆ ಕಥೆಗಳು ಒಂದರ ಹಾಗೆ ಇನ್ನೊಂದು ಇದ್ದವು. ನನಗೆ ಇದು ವ್ಯಾಪಾರದ ಮಾತು. ಓಣಿಯ ಎಲ್ಲರ ಬಳಿ ಒಂದೇ ಚೆಂದದ ಮಾಲು ಇದ್ದರೆ ರೇಟು ಇಳಿಯುತ್ತದೆ, ಮತ್ತೆ ಅದೇ ₹3,400ಕ್ಕೆ ಬರುತ್ತೇವೆ. ಹುಡುಗ ಬಳಸಲಿ, ಬಿಲ್ ಬರೆಯಲು, ಇಂಗ್ಲಿಷ್‌ನಲ್ಲಿ ಗಿರಾಕಿಗೆ ಉತ್ತರ ಕೊಡಲು ಬಹಳ ಅನುಕೂಲ. ಡಿಸೈನ್ ಹಲಗೆ ಹತ್ತಿರ ಬೇಡ ಅಂತ ಹೇಳಿದ್ದೇನೆ.

ಈಗ ಪದಕದ ಮಾತು. ಬೀದರ್ ಪಕ್ಕದ ನೌಬಾದಿನ ಸುರಂಗ ಬಾವಿ ಗೊತ್ತಲ್ಲ. ಇರಾನಿನ ಕರೇಜ್ ಪದ್ಧತಿ, ಬಹಮನಿ ಕಾಲದ್ದು. ನೆಲದೊಳಗೆ ಜಂಬಿಟ್ಟಿಗೆ ಕಲ್ಲು ಕೊರೆದು ನೀರಿನ ಕಾಲುವೆ, ಅಲ್ಲಲ್ಲಿ ಗಾಳಿ ಬೆಳಕಿಗೆ, ಇಳಿಯೋದಕ್ಕೆ ಮೇಲಿನಿಂದ ಬಾವಿ. ಮೇಲೆ ನಿಂತರೆ ಬಾವಿಯ ಬಾಯಿಗಳು ಮಾತ್ರ ಕಾಣುತ್ತವೆ, ನೀರಿನ ದಾರಿ ಕಾಣೋದಿಲ್ಲ. ಅಲ್ಲಿಗೆ ನಾನು ಡಿಸೈನ್ ಹುಡುಕಿಕೊಂಡು ಹೋಗಿರಲಿಲ್ಲ. ನೆಂಟರ ಮನೆ ಕಾರ್ಯಕ್ರಮ ಮುಗಿಸಿ ಮಕ್ಕಳಿಗೆ ತೋರಿಸಲು ಹೋಗಿದ್ದು. ಮರುದಿನ ಬೆಳಿಗ್ಗೆ ಕ್ಯಾಲೆಂಡರ್ ಹಿಂಬದಿಯಲ್ಲಿ ಕೈ ತಾನಾಗಿ ದುಂಡಗೆ ಬಿಡಿಸಿತು. ಒಂದು ದೊಡ್ಡದು, ಅದರ ಮುಂದೆ ಸ್ವಲ್ಪ ಸಣ್ಣದು, ಇನ್ನೂ ಸಣ್ಣದು, ದೂರ ಹೋದ ಹಾಗೆ ಚುಕ್ಕಿ. ಬಾವಿಗಳು ನಿಜವಾಗಿ ಹಾಗೆ ನೆಟ್ಟಗೆ ಸಾಲಾಗಿ ಇಲ್ಲ, ಮತ್ತೆ ಹೋದಾಗ ನೋಡಿದೆ. ನೆನಪು ಅವನ್ನು ಸಾಲು ಮಾಡಿತ್ತು.

ತಾಮ್ರದ ತಂತಿಯಲ್ಲಿ ಉಂಗುರ ಮಾಡಿ ಮೇಣದ ಮೇಲೆ ಇಟ್ಟೆ. ಕೆಲಸದ ಹುಡುಗಿ ಬಗ್ಗಿ ನೋಡಿ, "ಅಕ್ಕಾ, ಇದು ಮಣಿಸರ ಅದ ನೋಡ್ರಿ" ಅಂದಳು. ಬಾವಿ ಅಂತ ಅವಳಿಗೆ ಅನಿಸಲೇ ಇಲ್ಲ. ಅದು ನನಗೆ ಖುಷಿ ಕೊಟ್ಟಿತು. ಬಾವಿಯ ಚಿತ್ರ ಆಗಿದ್ದರೆ ಅದು ಬಾವಿ ನೋಡಿದವರಿಗಷ್ಟೇ. ಉಂಗುರಗಳ ಕೆಳಗೆ ಒಂದೇ ಒಂದು ಗೆರೆ ಎಳೆದೆ, ಪದಕದ ಈ ಅಂಚಿನಿಂದ ಆ ಅಂಚಿಗೆ, ಎಲ್ಲೂ ತುಂಡಾಗದ ತಂತಿ. ನನಗೆ ಅದು ಕಾಣದ ನೀರು. ಕೊಳ್ಳುವವರಿಗೆ ಏನಾದರೂ ಆಗಲಿ.

ಮಾಡೋದು ಸುಲಭ ಇರಲಿಲ್ಲ. ನೇರ ಗೆರೆ, ಬಳ್ಳಿ ಎಲ್ಲ ಕೂರುತ್ತದೆ, ಸಣ್ಣ ಉಂಗುರ ಕೂರೋದಿಲ್ಲ. ಎರಡು ತುದಿ ಸೇರುವ ಜಾಗ ಬಫಿಂಗ್‌ನಲ್ಲಿ ಎದ್ದು ನಿಲ್ಲುತ್ತದೆ, ಸೀರೆಗೆ ಸಿಕ್ಕು ದಾರ ಎಳೆಯುತ್ತದೆ. ಮೊದಲ ಎರಕದ ಪದಕಗಳು ಬಹುಪಾಲು ಹಾಳು. ಬೆಸುಗೆ ಹಾಕಿ ನೋಡಿದೆ. ಬೆಸುಗೆಯ ಗುರುತು ಕೋಟೆ ಮಣ್ಣಿನ ನೀರಿಗೆ ಹಾಕಿದ ಮೇಲೆ ಬೇರೆ ಬಣ್ಣ ಬಂತು. ತುದಿ ಓರೆಯಾಗಿ ಕತ್ತರಿಸಿದೆ, ಅರ್ಧ ಸರಿಹೋಯಿತು. ಪೂರ್ತಿ ಸರಿ ಮಾಡಿದ್ದು ಬೇರೆ ಒಂದು ಉಪಾಯದಿಂದ. ಅದನ್ನು ಇಲ್ಲಿ ಬರೆಯೋದಿಲ್ಲ, ನನ್ನ ಮನೆಯ ಹುಡುಗಿಯರ ಅನ್ನ ಅದರಲ್ಲಿದೆ. ಉಳಿಯ ಮೊನೆ ನೋಡಿಕೊಳ್ಳಿ, ತೋಡಿನ ತಳ ಬಾಯಿಗಿಂತ ಅಗಲ ಇರಲಿ ಅಂತಷ್ಟೇ ಹೇಳಬಲ್ಲೆ. ಕೈ ಪಳಗಿದವರಿಗೆ ಅಷ್ಟು ಸಾಕು.

ದುಡ್ಡಿನ ಮಾತು ಸ್ವಲ್ಪ. ಈ ಎಲ್ಲ ಪ್ರಯೋಗಕ್ಕೆ ಸುಮಾರು ₹60,000 ಹೋಗಿದೆ. ಅದರಲ್ಲಿ ₹40,000 ಸ್ವಸಹಾಯ ಸಂಘದ ಸಾಲ. ಸಂಘದ ಸಭೆಯಲ್ಲಿ "ಏನು ಮಾಡ್ಲಾಕತ್ತೀರಿ ಆ ದುಡ್ಡಿಲೆ?" ಅಂತ ಕೇಳಿದರು. ಗುಮ್ಮಟ ನೋಡುತ್ತಿದ್ದೇನೆ ಅಂತ ಹೇಗೆ ಹೇಳಲಿ? ಬೆಳ್ಳಿ ತಂದೆ ಅಂದೆ, ಅದೂ ನಿಜವೇ. ಮನೆಯಲ್ಲಿಯೂ ಬಿಸಿ ಇತ್ತು. ಮಾವನವರು ಒಂದು ದಿನ, "ಗೋಡಿ ನೋಡ್ಕೋತ ಕುಂತ್ರ ಹೊಟ್ಟಿ ತುಂಬ್ತದೇನ್ ಯವ್ವಾ?" ಅಂತ ಎಲ್ಲರ ಮುಂದೆ ಕೇಳಿದರು. ಮೈದುನ ಒಬ್ಬನೇ ನನ್ನ ಪರ ನಿಂತ. ಹಳೆಯ ಆರ್ಡರ್ ಕೆಲಸ ಅವನು ನಿಲ್ಲಿಸದೆ ನಡೆಸಿದ್ದಕ್ಕೇ ನನಗೆ ಇಷ್ಟೆಲ್ಲ ಮಾಡಲು ಆಯಿತು. ಹೊಸದು ಮಾಡುವ ಆಸೆ ಇದ್ದವರು ಹಳೆಯದನ್ನು ಒಮ್ಮೆಲೇ ಬಿಡಬೇಡಿ, ಕಂತು ಕಟ್ಟುವ ದಿನ ಯಾವ ಡಿಸೈನೂ ಹುಟ್ಟೋದಿಲ್ಲ.

2023ರಲ್ಲಿ ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಬಿದ್ರಿ ಅಂದರೆ ಏನು ಅಂತ ಹೊರ ಊರಿನವರಿಗೆ ವಿವರಿಸುವ ಕೆಲಸ ನಮಗೆ ಕಡಿಮೆ ಆಯಿತು. ಬೆಂಗಳೂರಿನ ಮೇಳಕ್ಕೆ ಪದಕಗಳನ್ನು ತಗೊಂಡು ಹೋದಾಗ ಜನ ಹೆಸರು ಗುರುತಿಸಿದರು, ಆದರೆ ಡಿಸೈನ್ ನೋಡಿ ನಿಂತರು. ಒಂದು ಪದಕ ₹1,200. ಬೆಳ್ಳಿ, ಎರಕ, ಕೂಲಿ ಸೇರಿ ನನಗೆ ಆಗ ₹600ರ ಸುತ್ತ ಬೀಳುತ್ತಿತ್ತು. ಮೂವತ್ತು ಚಿಲ್ಲರೆ ಒಯ್ದಿದ್ದೆ, ಮೇಳ ಮುಗಿಯುವ ಮೊದಲೇ ಖಾಲಿ. ಚೌಕಾಸಿ ಮಾಡಿದವರು ಕಡಿಮೆ. ಬೇರೆ ಕಡೆ ಸಿಗೋದಿಲ್ಲವಲ್ಲ, ಯಾವುದರ ಜೊತೆ ರೇಟು ಹೋಲಿಸಬೇಕು? ಹೈದರಾಬಾದಿನ ಒಂದು ಅಂಗಡಿಯವರು ತಿಂಗಳಿಗೆ ಇಷ್ಟು ಅಂತ ಮಾತಾಡಿದ್ದಾರೆ, ಮುಂಗಡ ಕೊಟ್ಟಿದ್ದಾರೆ. ಸಂಘದ ಸಾಲ ತೀರಿತು. ಮಾವನವರು ಪದಕವನ್ನು ಅಂಗೈಯಲ್ಲಿ ತೂಗಿ, "ಇದ್ರಾಗ ಬೆಳ್ಳಿನೇ ಇಲ್ಲ, ಸಾವಿರದ ಮ್ಯಾಲ ಹೆಂಗ ಕೊಡ್ತಾರ?" ಅಂದರು. ಆಮೇಲೆ ಕನ್ನಡಕ ತರಿಸಿಕೊಂಡು ಉಂಗುರದ ಕೂಡುಜಾಗ ಹುಡುಕಿದರು. ಸಿಗಲಿಲ್ಲ. ಮಗ್ಗುಲಿಗೆ ಹೊರಳಿಸಿ ಬೆಳಕಿಗೆ ಹಿಡಿದು ಮತ್ತೆ ಹುಡುಕಿದರು. ನಲವತ್ತು ವರ್ಷ ತಂತಿ ಬಡಿದ ಕಣ್ಣಿಗೆ ಅದು ಸಿಗಲಿಲ್ಲ ಅನ್ನೋದು ನನಗೆ ಮೇಳದ ಗಲ್ಲಾಕ್ಕಿಂತ ದೊಡ್ಡದು.

ನನ್ನ ಪದಕ ನಕಲು ಆಗುತ್ತಿದೆ ಅಂದೆನಲ್ಲ. ಆಗಲಿ. ನಕಲಿನಲ್ಲಿ ಎಲ್ಲ ಉಂಗುರ ಒಂದೇ ಅಳತೆ ಇದೆ, ಕೆಳಗಿನ ಗೆರೆ ಎರಡು ತುಂಡು. ಫೋಟೋದಲ್ಲಿ ಅದು ಹಾಗೆಯೇ ಕಾಣುತ್ತದೆ, ಬೆಳಕು ನಡುವೆ ಬಿದ್ದಿದ್ದಕ್ಕೆ. ಅರ್ಧ ಎಲೆ ಕೆತ್ತಿದ ಹಾಗೆಯೇ ಆಯಿತು.

ನನ್ನ ಹಾಗೆ ಮಾಡಿ ನೋಡುವ ಮನಸ್ಸು ಇದ್ದವರಿಗೆ ಒಂದೆರಡು ಮಾತು. ಒಂದು ಸಲಕ್ಕೆ ಒಂದೇ ಜಾಗ ನೋಡಿ. ಕೋಟೆ ಪೂರ್ತಿ ಸುತ್ತಿದರೆ ಮರುದಿನ ಏನೂ ಉಳಿಯೋದಿಲ್ಲ, ಕಾಲು ನೋವು ಉಳಿಯುತ್ತದೆ. ನಾನು ಕೋಟೆಯಲ್ಲಿ ಒಂದೇ ಗೋಡೆಗೆ ಹೋಗುತ್ತೇನೆ, ಯಾವುದು ಅಂತ ಹೇಳೋದಿಲ್ಲ, ನಿಮ್ಮದನ್ನು ನೀವು ಹುಡುಕಿಕೊಳ್ಳಿ. ಗುಂಪು ಕಟ್ಟಿಕೊಂಡು ಹೋಗಬೇಡಿ. ಜೊತೆಯವರು ಚೆಂದ ಅಂದಿದ್ದೇ ನಿಮಗೂ ಚೆಂದ ಕಾಣುತ್ತದೆ. ಹುಡುಗಿಯರನ್ನು ಕರೆದುಕೊಂಡು ಹೋದಾಗ ನಾನು ಬೇರೆ ಬೇರೆ ಮೂಲೆಯಲ್ಲಿ ಕೂರಿಸುತ್ತೇನೆ, ವಾಪಸ್ ಬರುವಾಗ ಆಟೋದಲ್ಲಿ ನೋಡಿದ್ದರ ಮಾತು ಆಡಬಾರದು ಅಂತ ಕಟ್ಟು. ಮೊದಮೊದಲು ನಗುತ್ತಿದ್ದರು. ಈಗ ಅವರ ಹಾಳೆಗಳು ಒಂದರ ಹಾಗೆ ಇನ್ನೊಂದು ಇರೋದಿಲ್ಲ. ಅವರಲ್ಲಿ ಒಬ್ಬಳು ಕೋಟೆಯ ಸೋಲಾ ಖಂಬ ಮಸೀದಿಯ ಕಂಬಸಾಲಿನಿಂದ ತಂದ ಗೆರೆಯನ್ನು ಪೆನ್ ಸ್ಟ್ಯಾಂಡಿಗೆ ಹಾಕಿದ್ದಾಳೆ, ಅದು ಪದಕಕ್ಕಿಂತ ಚೆನ್ನಾಗಿ ಹೋಗುತ್ತದೆ ಅಂತ ನನ್ನ ಅಂದಾಜು.

ನಾನೀಗ ಹಿಡಿದಿರೋದು ಜಲಸಂಗಿ. ಹುಮನಾಬಾದ್ ತಾಲ್ಲೂಕಿನ ಚಾಲುಕ್ಯರ ಗುಡಿ, ಹೊರಗೋಡೆಯ ಮೇಲೆ ಶಿಲಾಬಾಲಿಕೆಯರು. ಅವರಲ್ಲಿ ಒಬ್ಬಳು ಶಾಸನ ಬರೆಯುತ್ತಾ ನಿಂತಿದ್ದಾಳೆ, ವಿಕ್ರಮಾದಿತ್ಯನ ಹೊಗಳಿಕೆ. ಅವಳ ಮೈ ಬಳಕು ನೆನಪಲ್ಲಿ ಚೆನ್ನಾಗಿ ಉಳಿದಿದೆ. ತಂತಿಯಲ್ಲಿ ಮೂರು ಗೆರೆಯಲ್ಲಿ ಬರುತ್ತದೆ. ಕಷ್ಟ ಇರೋದು ಬರೆಯುವ ಕೈಯಲ್ಲಿ. ಬೆರಳು ತಂತಿಯಲ್ಲಿ ಬಿಡಿಸಿದರೆ ಕಡ್ಡಿ ಆಗುತ್ತದೆ, ಬೆಳ್ಳಿ ತಗಡು ಕೂರಿಸಿದರೆ ಎಂಟು ಗ್ರಾಂ ಮೀರುತ್ತದೆ. ಕೈ ಬಿಟ್ಟು ಬರೀ ಬಳಕು ಇಟ್ಟರೆ ಅವಳು ಬರೆಯೋದು ತಿಳಿಯೋದಿಲ್ಲ. ಮೈದುನ ಕೈಯ ಜಾಗವನ್ನು ಎರಕದಲ್ಲೇ ಸ್ವಲ್ಪ ಉಬ್ಬಿಸಿ ಕೊಡುತ್ತೇನೆ ಅಂದಿದ್ದಾನೆ. ಹೈದರಾಬಾದಿನ ಮಾಲು ಕಳಿಸಿದ ಮೇಲೆ ಅವನ ಹೊಸ ಅಚ್ಚಿನಲ್ಲಿ ಎರಡು ತಟ್ಟೆ ಹೊಯ್ದು ನೋಡುತ್ತೇವೆ.